ಎಲ್‌ಎಂ 3886, ಟಿಡಿಎ 7294, ಕ್ಲಾಸ್ ಡಿ ಬೋರ್ಡ್: ಮನೆಯಲ್ಲಿ ಕಟ್ಟಿ ನೋಡಿದ ಮೇಲೆ

ನಮ್ಮ ಮನೆಯ ಹಾಲ್‌ನಲ್ಲಿ ಈಗ ಹಾಡುತ್ತಿರುವುದು ಎಲ್‌ಎಂ 3886 ಐಸಿ (ದನಿಯನ್ನು ದೊಡ್ಡದು ಮಾಡುವ ಚಿಪ್) ಹಾಕಿ ನಾನೇ ಕಟ್ಟಿದ ಆಂಪ್ಲಿಫೈಯರ್. ನನಗೆ ಅದೇ ಇಷ್ಟ, ಮೊದಲೇ ಹೇಳಿಬಿಡುತ್ತೇನೆ. ಆದರೆ ನಾನು ಮೊದಲು ದುಡ್ಡು ಹಾಕಿದ್ದು ಅದಕ್ಕಲ್ಲ. ಟಿಡಿಎ 7294 ಅನ್ನುವ ಇನ್ನೊಂದು ಆಂಪ್ ಐಸಿಯ ರೆಡಿಮೇಡ್ ಬೋರ್ಡ್ ಎರಡು ತಂದೆ. ಅದಕ್ಕೆ 24-0-24 ಟ್ರಾನ್ಸ್‌ಫಾರ್ಮರ್ ತಂದೆ. ನಡುವಿನ ಸೊನ್ನೆ ಅಂದರೆ ಗ್ರೌಂಡ್, ಎರಡು ಕಡೆಯ 24 ವೋಲ್ಟಿನಿಂದ ಪ್ಲಸ್, ಮೈನಸ್ ಸಪ್ಲೈ. ಮೂರು ಭಾನುವಾರ ಅದರಲ್ಲೇ ಹೋಯಿತು. ಆಮೇಲೆ ಟಿಪಿಎ 3116 ಅನ್ನುವ ಕ್ಲಾಸ್ ಡಿ ಬೋರ್ಡ್ ಬಂತು. ಕೊನೆಗೆ ಬಂದಿದ್ದು ಈ ಎಲ್‌ಎಂ. ದಾವಣಗೆರೆಯಲ್ಲಿ ಇನ್ಯಾರಾದರೂ ಇದೇ ಕೆಲಸಕ್ಕೆ ಕೂತರೆ ಅವರ ಭಾನುವಾರಗಳು ಉಳಿಯಲಿ ಅಂತ ಬರೆಯುತ್ತಿದ್ದೇನೆ.

ನನ್ನ ಬಳಕೆ ಹೇಗೆ ಅಂತ ಹೇಳದಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲ. ಅಂಗಡಿ ಬಾಗಿಲು ಹಾಕಿ ನಿಟ್ಟುವಳ್ಳಿಯ ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ಊಟ ಆದಮೇಲೆ ಒಂದು ಗಂಟೆ ಹಾಡು ಕೇಳುತ್ತೇನೆ. ಮಲ್ಲಿಕಾರ್ಜುನ ಮನ್ಸೂರರ ವಚನ, ಹಳೇ ಕಂಪನಿ ನಾಟಕದ ಹಾಡುಗಳು, ಇಂಥವು. ಸ್ಪೀಕರ್ 8 ಓಮ್‌ನ ಹಳೇ ಜೋಡಿ. ಪಕ್ಕದ ಮನೆಯಲ್ಲಿ ಸಣ್ಣ ಮಗು ಇದೆ, ಹಾಗಾಗಿ ಜೋರಾಗಿ ಹಾಕುವ ಹಾಗಿಲ್ಲ. ಅಂದರೆ ನನಗೆ ಬೇಕಾಗಿದ್ದು ವಾಟ್ ಅಲ್ಲ. ಗುಂಯ್ ಅನ್ನದೆ, ಬಿಸಿಯಾಗದೆ, ವರ್ಷಗಟ್ಟಲೆ ಸುಮ್ನೆ ಕೂತು ಹಾಡುವ ಡಬ್ಬಿ.

ಟಿಡಿಎ 7294 ಬೋರ್ಡ್ ಕೆಟ್ಟದ್ದಲ್ಲ. ದನಿ ಚೆನ್ನಾಗಿದೆ. ಆನ್ ಆಫ್ ಮಾಡುವಾಗ ಸ್ಪೀಕರ್‌ನಲ್ಲಿ ಡಬ್ ಅನ್ನುವ ಸದ್ದೇ ಇಲ್ಲ. ಮ್ಯೂಟ್, ಸ್ಟ್ಯಾಂಡ್‌ಬೈ ಎರಡೂ ಐಸಿ ಒಳಗೇ ಇರುವುದರಿಂದ ಆ ಸುಖ. ಆದರೆ ಬೋರ್ಡ್ ಮೇಲಿದ್ದ ದೊಡ್ಡ ಕೆಪಾಸಿಟರ್‌ಗಳು 35 ವೋಲ್ಟ್‌ವರೆಗೆ ಮಾತ್ರ ತಡೆಯುವವು. 24 ವೋಲ್ಟ್ ಎಸಿ ಡಿಸಿಯಾದರೆ ಲೆಕ್ಕಕ್ಕೆ 34. ರಾತ್ರಿ ಹನ್ನೊಂದಕ್ಕೆ ನಮ್ಮ ಬೀದಿಯಲ್ಲಿ ಕರೆಂಟ್ 246 ವೋಲ್ಟ್ ಇರುತ್ತದೆ, ಹಾಡಿಲ್ಲದಾಗ ಟ್ರಾನ್ಸ್‌ಫಾರ್ಮರ್ ಕೂಡ ಸ್ವಲ್ಪ ಜಾಸ್ತಿಯೇ ಕೊಡುತ್ತದೆ. ಮೀಟರ್ ಇಟ್ಟಾಗ 37.6 ತೋರಿಸಿತು. ಐಸಿಗೆ ಅದು ನಡೆಯುತ್ತದೆ, 40ರವರೆಗೂ ತಡೆಯುತ್ತದೆ. 35ರ ಕೆಪಾಸಿಟರ್ ತಡೆಯುವುದಿಲ್ಲ. ನಾಲ್ಕನ್ನೂ ಕಿತ್ತು 63 ವೋಲ್ಟಿನವು ಹಾಕಿದೆ.

ಇದು ಸಣ್ಣ ವಿಷಯ. ನನ್ನನ್ನು ಗೋಳಾಡಿಸಿದ್ದು ಐಸಿಯ ಬೆನ್ನು.

ಟಿಡಿಎ 7294ರ ಹಿಂದೆ ಒಂದು ಲೋಹದ ತಗಡು ಇದೆಯಲ್ಲ, ಹೀಟ್‌ಸಿಂಕ್‌ಗೆ (ಶಾಖ ಹೊರಹಾಕುವ ರೆಕ್ಕೆಗಳ ಅಲ್ಯುಮಿನಿಯಂ ತುಂಡು) ಸ್ಕ್ರೂ ಹಾಕುವ ಜಾಗ, ಅದು ಒಳಗೆ ಮೈನಸ್ ಸಪ್ಲೈಗೆ ಸೇರಿದೆ. ಗ್ರೌಂಡ್ ಅಲ್ಲ, ಮೈನಸ್. ಅಂದರೆ ನನ್ನ ಲೆಕ್ಕದಲ್ಲಿ ಮೈನಸ್ 35 ಚಿಲ್ಲರೆ ವೋಲ್ಟ್. ಅದನ್ನು ಹಾಗೇ ಹೀಟ್‌ಸಿಂಕ್‌ಗೆ ಕೂರಿಸಿದರೆ ಇಡೀ ಹೀಟ್‌ಸಿಂಕ್ ಮೈನಸ್ ಆಗುತ್ತದೆ. ಆ ಹೀಟ್‌ಸಿಂಕ್ ಕಬ್ಬಿಣದ ಕ್ಯಾಬಿನೆಟ್ ಮುಟ್ಟಿದರೆ ಮುಗಿಯಿತು, ಕ್ಯಾಬಿನೆಟ್ ಗ್ರೌಂಡ್‌ಗೆ ಸೇರಿರುತ್ತದೆ. ಅದಕ್ಕೇ ನಡುವೆ ಶಾಖ ದಾಟಿಸಿ ಕರೆಂಟ್ ತಡೆಯುವ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್. ಇದು ನನಗೆ ಗೊತ್ತಿತ್ತು. ಎರಡನ್ನೂ ಹಾಕಿದ್ದೆ. ಮೈಕಾದ ಎರಡೂ ಮೈಗೆ ಬಿಳಿ ಪೇಸ್ಟ್ ತೆಳ್ಳಗೆ ಸವರಿದ್ದೆ. ಮೀಟರನ್ನು ಬೀಪ್‌ನಲ್ಲಿಟ್ಟು (ಎರಡು ಕಡೆ ಸೇರಿದ್ದರೆ ಸದ್ದು ಮಾಡುತ್ತದೆ) ತಗಡಿಗೂ ಹೀಟ್‌ಸಿಂಕ್‌ಗೂ ಮುಟ್ಟಿಸಿದೆ. ಸದ್ದಿಲ್ಲ. ಶಾರ್ಟ್ ಇದ್ದರೆ ಕರೆಂಟ್ ತಡೆಯಲಿ ಅಂತ ದಾರಿಯಲ್ಲಿ ಒಂದು ಸೀರೀಸ್ ಬಲ್ಬ್ ಹಾಕಿ ಆನ್ ಮಾಡಿದೆ. ಬಲ್ಬ್ ಒಂದು ಸಲ ಹೊತ್ತಿ ಆರಿತು. ಎಲ್ಲ ಸರಿ ಅಂತ ಬಲ್ಬ್ ತೆಗೆದು ನೇರ ಕರೆಂಟ್ ಕೊಟ್ಟೆ.

ಅರ್ಧ ಗಂಟೆ ಹಾಡಿತು. ಆಮೇಲೆ ಟ್ರಾನ್ಸ್‌ಫಾರ್ಮರ್ ಒಂದು ಕ್ಷಣ ಗೊರ್ ಅಂತು, ಫ್ಯೂಸ್ ಹೋಯಿತು. ಬಿಚ್ಚಿ ಮೇಜಿನ ಮೇಲಿಟ್ಟು ಅಳೆದರೆ ಎಲ್ಲೂ ಶಾರ್ಟ್ ಇಲ್ಲ! ಹೊಸ ಫ್ಯೂಸ್ ಹಾಕಿದೆ. ಮತ್ತೆ ಅರ್ಧ ಗಂಟೆ ಹಾಡಿತು, ಮತ್ತೆ ಹೋಯಿತು. ಎರಡನೇ ಭಾನುವಾರ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಬದಲಿಸಿದೆ, ವೈರಿಂಗ್ ಪೂರ್ತಿ ಕಿತ್ತು ಮತ್ತೆ ಹಾಕಿದೆ. ಅದೇ ಕಥೆ. ಮೂರನೇ ಭಾನುವಾರ ಫ್ಯೂಸ್ ಹೋದ ತಕ್ಷಣ ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿ, ಹೀಟ್‌ಸಿಂಕ್ ಬಿಸಿ ಇರುವಾಗಲೇ ಮೀಟರ್ ಇಟ್ಟೆ. ಬೀಪ್ ಅಂತು. ಹತ್ತು ನಿಮಿಷ ಆರಲು ಬಿಟ್ಟೆ. ಬೀಪ್ ನಿಂತಿತು.

ಸ್ಕ್ರೂ ಬಿಚ್ಚಿದೆ. ಮೈಕಾ ಹಾಳೆಯ ಪೇಸ್ಟ್ ಒರೆಸಿ ಟ್ಯೂಬ್‌ಲೈಟ್‌ಗೆ ಹಿಡಿದೆ. ಸ್ಕ್ರೂ ತೂತಿನ ಪಕ್ಕದಲ್ಲೇ, ಸೂಜಿ ಚುಚ್ಚಿದಷ್ಟು ಸಣ್ಣ ಬೆಳಕಿನ ಚುಕ್ಕೆ, ಸುತ್ತ ಕಪ್ಪಗೆ ಸುಟ್ಟ ಕಲೆ. ಹೀಟ್‌ಸಿಂಕ್ ತೂತಿನ ಅಂಚನ್ನು ಉಗುರಿನಿಂದ ಸವರಿದೆ. ಉಗುರು ಸಿಕ್ಕಿಕೊಂಡಿತು. ಡ್ರಿಲ್ ಮಾಡಿದಾಗ ಅಂಚಿನಲ್ಲಿ ಎದ್ದು ನಿಂತ ಅಲ್ಯುಮಿನಿಯಂ ಮುಳ್ಳು. ಕಣ್ಣಿಗೆ ಕಾಣುವುದೇ ಇಲ್ಲ. ತಣ್ಣಗಿದ್ದಾಗ ಮೈಕಾ ತೂರಿಯೂ ತಗಡು ಮುಟ್ಟದೆ ನಿಂತಿತ್ತು, ಬಿಸಿಯಾಗಿ ಎಲ್ಲ ಹಿಗ್ಗಿದಾಗ ಮುಟ್ಟುತ್ತಿತ್ತು. ಇಷ್ಟಕ್ಕೆ ಮೂರು ಭಾನುವಾರ, ಆರು ಫ್ಯೂಸ್.

ಮೈಕಾ ತಂಟೆಯೇ ಬೇಡ ಅಂತ ಇನ್ನೊಂದು ದಾರಿಯನ್ನೂ ನೋಡಿದೆ. ಐಸಿಯನ್ನು ನೇರ ಹೀಟ್‌ಸಿಂಕ್‌ಗೆ ಕೂರಿಸಿ, ಹೀಟ್‌ಸಿಂಕನ್ನೇ ನೈಲಾನ್ ವಾಷರ್ ಹಾಕಿ ಕ್ಯಾಬಿನೆಟ್‌ನಿಂದ ದೂರ ಇಡುವುದು. ಎರಡೂ ಚಾನೆಲ್‌ಗೆ ಒಂದೇ ಸಪ್ಲೈ ಇದ್ದರೆ ಇದು ನಡೆಯುತ್ತದೆ, ಶಾಖವೂ ಚೆನ್ನಾಗಿ ಹೊರಗೆ ಹೋಗುತ್ತದೆ. ಆದರೆ ಡಬ್ಬಿಯ ಬೆನ್ನ ಮೇಲೆ ಮೈನಸ್ 35 ವೋಲ್ಟ್ ಬೆತ್ತಲಾಗಿ ನಿಂತಿರುತ್ತದೆ. ಹಿಂದೆ ಕೈ ಹಾಕಿ ಆಡಿಯೊ ಪಿನ್ ಚುಚ್ಚುವಾಗ ಪಿನ್ನಿನ ಹೊರ ಸುತ್ತು ಅದಕ್ಕೆ ತಾಗಿದರೆ ಕೆಲಸ ಕೆಟ್ಟಂತೆ. ಅಪ್ಪ ಕತ್ತಲಲ್ಲೇ ತಡವರಿಸಿ ರೇಡಿಯೊ ಪಿನ್ ಚುಚ್ಚುವವರು. ನನಗೆ ಧೈರ್ಯ ಬರಲಿಲ್ಲ. ಬೂದು ಬಣ್ಣದ ಸಿಲಿಕೋನ್ ಪ್ಯಾಡ್ ಹಾಕಿಯೂ ನೋಡಿದೆ. ಪೇಸ್ಟ್ ಗಲೀಜಿಲ್ಲ, ಕೂರಿಸುವುದು ಸುಲಭ. ಆದರೆ ಅದೇ ಹಾಡಿಗೆ ಅದೇ ವಾಲ್ಯೂಮ್‌ನಲ್ಲಿ ಐಸಿ ತಗಡು ಮೈಕಾಕ್ಕಿಂತ ಆರೇಳು ಡಿಗ್ರಿ ಜಾಸ್ತಿ ಬಿಸಿ.

ಎಲ್‌ಎಂ 3886 ನನ್ನ ಮನಸ್ಸಿಗೆ ಹತ್ತಿದ್ದು ಇಲ್ಲೇ. ಅದು ಎರಡು ರೂಪದಲ್ಲಿ ಬರುತ್ತದೆ. ಹೆಸರಿನ ಕೊನೆಯಲ್ಲಿ ಬರೀ 'ಟಿ' ಇದ್ದರೆ ಹಿಂದೆ ಲೋಹದ ತಗಡು, ಅದೂ ಮೈನಸ್‌ಗೇ ಸೇರಿದ್ದು. 'ಟಿಎಫ್' ಇದ್ದರೆ ಬೆನ್ನೂ ಪ್ಲಾಸ್ಟಿಕ್. ಮೈಕಾ ಬೇಡ, ಬುಷ್ ಬೇಡ. ಪೇಸ್ಟ್ ಹಚ್ಚಿ, ಸ್ಕ್ರೂ ಬಿಗಿದು, ಹೀಟ್‌ಸಿಂಕನ್ನು ನೇರ ಕ್ಯಾಬಿನೆಟ್‌ಗೆ ಜೋಡಿಸಬಹುದು. ಮೂರು ಭಾನುವಾರದ ಕೆಲಸ ಹತ್ತು ನಿಮಿಷಕ್ಕೆ ಇಳಿಯಿತು.

ಪ್ಲಾಸ್ಟಿಕ್ ಬೆನ್ನಿಗೆ ಬೆಲೆ ತೆರಲೇಬೇಕು. ಶಾಖ ಅಷ್ಟು ಬೇಗ ದಾಟುವುದಿಲ್ಲ. ತಗಡಿನ ಐಸಿಯಲ್ಲಿ ಒಂದು ವಾಟ್ ಶಾಖಕ್ಕೆ ಒಂದು ಡಿಗ್ರಿ ಏರಿದರೆ, ಟಿಎಫ್‌ನಲ್ಲಿ ಎರಡು ಡಿಗ್ರಿ. ಅದಕ್ಕೇ ಟ್ರಾನ್ಸ್‌ಫಾರ್ಮರನ್ನು 18-0-18ಕ್ಕೆ ಇಳಿಸಿದೆ. ಪ್ಲಸ್ ಮೈನಸ್ 35 ವೋಲ್ಟಿನಲ್ಲಿ 8 ಓಮ್ ಸ್ಪೀಕರ್‌ಗೆ ಒಂದು ಐಸಿ ಅತಿ ಹೆಚ್ಚು ಅಂದರೆ 31 ವಾಟ್ ಶಾಖ ಉಗುಳುತ್ತದೆ. 25 ವೋಲ್ಟಿಗೆ ಇಳಿಸಿದರೆ ಅದು 16. ಅರ್ಧಕ್ಕರ್ಧ! ಸ್ಪೀಕರ್‌ಗೆ ಸಿಗುವುದೂ 50 ವಾಟ್‌ನಿಂದ 25ರ ಸುಮಾರಿಗೆ ಇಳಿಯುತ್ತದೆ ನಿಜ. ಆದರೆ ಅದು ಬರೀ 3 ಡೆಸಿಬಲ್, ವಾಲ್ಯೂಮ್ ಗುಂಡಿಯನ್ನು ಚೂರು ತಿರುಗಿಸಿದಷ್ಟು. ನಾನು ರಾತ್ರಿ ಕೇಳುವುದು ಒಂದೆರಡು ವಾಟ್‌ನಲ್ಲಿ. ದಾವಣಗೆರೆಯ ಏಪ್ರಿಲ್‌ನಲ್ಲಿ ಹೊರಗೆ 39, 40 ಡಿಗ್ರಿ ಇರುವಾಗ ಆ ಕಡಿಮೆಯಾದ ಶಾಖವೇ ನನಗೆ ಮುಖ್ಯ.

ಈ ಐಸಿಯ ಎಂಟನೇ ಕಾಲು ಮ್ಯೂಟ್. ಅದನ್ನು ರೆಸಿಸ್ಟರ್ ಮೂಲಕ ಮೈನಸ್‌ಗೆ ಎಳೆಯದಿದ್ದರೆ ಆಂಪ್ ಹಾಡುವುದೇ ಇಲ್ಲ. ಐಸಿ ಸುಟ್ಟಿತು ಅಂತ ಗಾಬರಿಯಾಗಬೇಡಿ, ಮೊದಲು ಅದನ್ನು ನೋಡಿ.

ಬೋರ್ಡ್ ವಿಷಯ. ಟಿಡಿಎಗೆ ರೆಡಿಮೇಡ್ ಇತ್ತು, ಎಲ್‌ಎಂಗೆ ನಾನೇ ಮಾಡಿದೆ. ಲೇಸರ್ ಪ್ರಿಂಟ್ ಅನ್ನು ನುಣುಪು ಕಾಗದದ ಮೇಲೆ ತೆಗೆದು, ಇಸ್ತ್ರಿಪೆಟ್ಟಿಗೆಯಲ್ಲಿ ತಾಮ್ರದ ಹಾಳೆಗೆ ಒತ್ತಿ, ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದುವುದು. ಹಳೇ ಐಸ್‌ಕ್ರೀಮ್ ಡಬ್ಬಿ ಸಾಕು. ಸ್ಟೀಲ್ ಪಾತ್ರೆ ಬೇಡ, ತಿಂದುಹಾಕುತ್ತದೆ. ನೀರು ಉಗುರುಬೆಚ್ಚಗಿದ್ದು ಡಬ್ಬಿ ಅಲ್ಲಾಡಿಸುತ್ತಿದ್ದರೆ ಇಪ್ಪತ್ತು ನಿಮಿಷದಲ್ಲಿ ತಾಮ್ರ ಕರಗುತ್ತದೆ. ಮೊದಲ ಬೋರ್ಡ್‌ನಲ್ಲಿ ಐಸಿ ಕಾಲಿನ ಪಟ್ಟಿಗಳು ಸಣ್ಣವಾಗಿ, ಬೆಸುಗೆ ಹಾಕುವಾಗ ಎರಡು ಎದ್ದು ಬಂದವು. ಎರಡನೆಯದರಲ್ಲಿ ದಪ್ಪ ಬಿಟ್ಟೆ.

ಕಷ್ಟಪಟ್ಟಿದ್ದಕ್ಕೆ ಸಿಕ್ಕಿದ್ದು ಇದು: ಗ್ರೌಂಡ್ ನನ್ನಿಷ್ಟದಂತೆ ಎಳೆಯಬಹುದು. ಇನ್‌ಪುಟ್‌ನ ಗ್ರೌಂಡ್ ಬೇರೆ, ಸ್ಪೀಕರ್‌ನಿಂದ ವಾಪಸ್ ಬರುವ ಗ್ರೌಂಡ್ ಬೇರೆ. ಎರಡೂ ದೊಡ್ಡ ಕೆಪಾಸಿಟರ್‌ಗಳ ನಡುವಿನ ಒಂದೇ ಬಿಂದುವಿಗೆ ಹೋಗಿ ಸೇರುತ್ತವೆ. ನನ್ನ ಟಿಡಿಎ ಬೋರ್ಡ್‌ನಲ್ಲಿ ಎರಡೂ ಒಂದೇ ಪಟ್ಟಿಯಲ್ಲಿ ಓಡುತ್ತಿದ್ದವು. ಹಾಡು ನಿಂತಾಗ ಸ್ಪೀಕರ್‌ನಲ್ಲಿ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಈಗ ಸ್ಪೀಕರ್‌ಗೆ ಕಿವಿ ಒತ್ತಿದರೂ ಏನೂ ಕೇಳುವುದಿಲ್ಲ.

ಕ್ಲಾಸ್ ಡಿ ಬೋರ್ಡ್ ಬಗ್ಗೆ ಎರಡು ಮಾತು. ಅಂಗೈಯಷ್ಟಗಲ, ಹಳೇ ಲ್ಯಾಪ್‌ಟಾಪ್‌ನ 19 ವೋಲ್ಟ್ ಚಾರ್ಜರ್ ಸಾಕು, ಟ್ರಾನ್ಸ್‌ಫಾರ್ಮರ್ ಖರ್ಚಿಲ್ಲ, ನನ್ನ ಬಳಕೆಗೆ ಬಿಸಿಯೂ ಆಗುವುದಿಲ್ಲ. ಕೈ ಬಿಗಿ ಇರುವವರು ಕಣ್ಣುಮುಚ್ಚಿ ಇದನ್ನೇ ತಗೊಳ್ಳಬಹುದು. ಸ್ಪೀಕರ್‌ನ ಮೈನಸ್ ವೈರನ್ನು ಮಾತ್ರ ಗ್ರೌಂಡ್‌ಗೆ ಸೇರಿಸಬೇಡಿ, ಇದರಲ್ಲಿ ಎರಡೂ ವೈರ್ ಜೀವಂತ. ನಮ್ಮ ಮನೆಯಲ್ಲಿ ಅದು ನಿಲ್ಲದಿದ್ದಕ್ಕೆ ಕಾರಣ ಬೇರೆ. ಆನ್ ಮಾಡಿದ ಮೊದಲ ಬೆಳಿಗ್ಗೆಯೇ ಅಪ್ಪ ಕೂಗಿದರು: "ಲೇ, ಭದ್ರಾವತಿ ಸ್ಟೇಷನ್ ಬರೀ ಬುಸ್ ಅಂತೈತಲ್ಲೋ, ಏನ್ ಮಾಡಿದಿ?" ಕ್ಲಾಸ್ ಡಿ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್ ಆಫ್ ಆಗುತ್ತದೆ. ಆ ಗದ್ದಲ ಸ್ಪೀಕರ್ ವೈರಿನಿಂದ ಹೊರಬಿದ್ದು ಮೀಡಿಯಂ ವೇವ್ ರೇಡಿಯೊಗೆ ನುಗ್ಗುತ್ತದೆ. ವೈರ್ ಗಿಡ್ಡ ಮಾಡಿದೆ, ಫೆರೈಟ್ ಉಂಗುರ ಹಾಕಿದೆ. ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಅಪ್ಪನಿಗೆ ಬೆಳಗಿನ ಭದ್ರಾವತಿ ಬೇಕೇ ಬೇಕು. ಬೋರ್ಡ್ ಪೆಟ್ಟಿಗೆ ಸೇರಿತು.

5200, 1943 ಜೋಡಿ ಟ್ರಾನ್ಸಿಸ್ಟರ್ ಬೋರ್ಡ್ ಯಾಕೆ ಬೇಡ ಅಂತ ಕೇಳಬಹುದು. ಗಣಪತಿ ಪೆಂಡಾಲ್‌ಗೆ ಅದೇ ಸರಿ. ಮನೆಗೆ ಬಯಾಸ್ (ಹಾಡಿಲ್ಲದಾಗಲೂ ಟ್ರಾನ್ಸಿಸ್ಟರ್‌ನಲ್ಲಿ ಹರಿಯುವ ಸಣ್ಣ ಕರೆಂಟ್) ಕೂರಿಸುವುದು, ಸ್ಪೀಕರ್ ಪ್ರೊಟೆಕ್ಷನ್ ಬೋರ್ಡ್ ಬೇರೆ ಹಾಕುವುದು, ನಕಲಿ ಟ್ರಾನ್ಸಿಸ್ಟರ್ ಕಾಟ, ಇಷ್ಟೆಲ್ಲ ನನಗೆ ಬೇಡವಾಯಿತು. ಎಲ್‌ಎಂ 3886 ಜಾಸ್ತಿ ಬಿಸಿಯಾದರೆ ತಾನೇ ನಿಲ್ಲುತ್ತದೆ, ಸ್ಪೀಕರ್ ವೈರ್ ಶಾರ್ಟ್ ಆದರೂ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ.

ಹೀಟ್‌ಸಿಂಕ್ ಹೊಸದು ತರಬೇಡಿ, ಅಷ್ಟೇ ಹೇಳುತ್ತೇನೆ. ಟಿಡಿಎಗೆ ತಂದ ಹೊಸದು ನೋಡಲು ಚೆಂದ, ಆದರೆ ತಳ ಮೂರು ಮಿಲಿಮೀಟರ್ ತೆಳು. ಐಸಿ ಕೂತ ಜಾಗ ಸುಡುತ್ತಿತ್ತು, ಅಂಚು ತಣ್ಣಗಿತ್ತು. ಎಲ್‌ಎಂಗೆ ಹಾಕಿದ್ದು ಗುಜರಿ ಅಂಗಡಿಯಲ್ಲಿ ಸಿಕ್ಕ ಹಳೇ ಯುಪಿಎಸ್‌ನದು, ತಳವೇ ಎಂಟು ಮಿಲಿಮೀಟರ್. "ಇದ್ರಾಗೆ ತಾಮ್ರ ಏನಿಲ್ರೀ ಅಣ್ಣ, ಬರೀ ಅಲ್ಯುಮಿನಿ" ಅಂತ ಮೊದಲೇ ಹೇಳಿ ತೂಕಕ್ಕಿಟ್ಟರು. ಒಂದು ಕಿಲೊ ನಾನೂರು ಗ್ರಾಂ, 350 ರೂಪಾಯಿ. ಹಳೇ ಪೇಸ್ಟ್ ಸೀಮೆಎಣ್ಣೆಯಲ್ಲಿ ಒರೆಸಿ, ಐಸಿ ಕೂರುವ ಜಾಗವನ್ನು ಗಾಜಿನ ಮೇಲೆ ಇಟ್ಟ ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ ಸಮ ಮಾಡಿದೆ. ರೆಕ್ಕೆಗಳು ನೆಟ್ಟಗೆ ಮೇಲ್ಮುಖವಾಗಿ ನಿಲ್ಲುವಂತೆ ಡಬ್ಬಿಯ ಹೊರಬೆನ್ನಿಗೆ ಹಾಕಿದೆ. ಅಡ್ಡ ಮಲಗಿಸಿದರೆ ಬಿಸಿಗಾಳಿ ರೆಕ್ಕೆ ನಡುವೆಯೇ ನಿಲ್ಲುತ್ತದೆ. ಹೋದ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಎರಡು ಗಂಟೆ ಜೋರಾಗಿ ಹಾಕಿ ನೋಡಿದೆ. ಕೈ ಇಟ್ಟು ಹತ್ತು ಎಣಿಸುವಷ್ಟು ಬಿಸಿ, ಅದಕ್ಕಿಂತ ಮೇಲೆ ಹೋಗಲಿಲ್ಲ.

ಖರ್ಚಿನಲ್ಲಿ ಎಲ್‌ಎಂ ಸೋಲುತ್ತದೆ. ಒರಿಜಿನಲ್ ಟಿಎಫ್ ಐಸಿ ಎರಡಕ್ಕೆ 1,500 ಹತ್ತಿರ ಹೋಯಿತು. ಟಿಡಿಎ ಬೋರ್ಡ್ ಎರಡಕ್ಕೆ 800, ಕ್ಲಾಸ್ ಡಿ ಒಂದೇ ಬೋರ್ಡ್‌ನಲ್ಲಿ ಎರಡೂ ಚಾನೆಲ್, 450. ಅಗ್ಗದ 3886 ಕೂಡ ಸಿಗುತ್ತದೆ, ಆದರೆ ನಕಲಿ ಜಾಸ್ತಿ, ನಾನು ಬಿಲ್ ಕೊಡುವ ಕಡೆಯಿಂದ ಬೆಂಗಳೂರಿನಿಂದ ತರಿಸಿದೆ. ದೊಡ್ಡ ಹಾಲ್ ಇದ್ದು, ಜೋರಾಗಿ ಕೇಳುವ ಅಭ್ಯಾಸ ಇದ್ದರೆ ನೀವು ಟಿಡಿಎ 7294 ತಗೊಳ್ಳಿ. ನನ್ನ ಹಳೇ ಟಿಡಿಎಯನ್ನೂ ಬಿಸಾಕಿಲ್ಲ. ಹರಿಹರದಲ್ಲಿರುವ ತಮ್ಮನಿಗೆ ಹೊಸ ಮೈಕಾ ಹಾಕಿ ಕಟ್ಟಿಕೊಟ್ಟಿದ್ದೇನೆ. ಈ ಸಲ ತೂತು ಕೊರೆದ ಮೇಲೆ ದಪ್ಪ ಡ್ರಿಲ್ ಬಿಟ್ ಅನ್ನು ಕೈಯಲ್ಲೇ ಹಿಡಿದು ತೂತಿನ ಬಾಯಲ್ಲಿ ಎರಡು ಸುತ್ತು ತಿರುಗಿಸಿದೆ. ಉಗುರು ಸವರಿ ನೋಡಿದೆ, ಎಲ್ಲೂ ಸಿಕ್ಕಲಿಲ್ಲ. ಆಮೇಲೇ ಮೈಕಾ ಇಟ್ಟೆ.