ಆರು ವಾರ ಕಟ್ಟಿಕೊಂಡ ಹೊಟ್ಟೆ ಬೆಲ್ಟ್: ಟೈಲರ್ ಒಬ್ಬಳ ವಿಮರ್ಶೆ

ನಾನು ಬಟ್ಟೆ ಹೊಲಿಯುವವಳು. ಬೇರೆಯವರ ಸೊಂಟಕ್ಕೆ ಟೇಪು ಹಿಡಿದೇ ಇಪ್ಪತ್ತು ವರ್ಷ ಕಳೆದಿದ್ದೇನೆ. ಆದರೂ ನನ್ನ ಹೊಟ್ಟೆಗೆ ಬೆಲ್ಟ್ ತರಿಸುವಾಗ ಅಳತೆ ತಪ್ಪಿದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನನಗೆ ಇದ್ದದ್ದು ಹೊಕ್ಕುಳ ಹರ್ನಿಯಾ, ಅಂದರೆ ಹೊಟ್ಟೆಯ ಗೋಡೆಯಲ್ಲಿ ತೂತಾಗಿ ಒಳಗಿನದು ಹೊರಗೆ ಉಬ್ಬಿ ಬರುವುದು. ಎರಡನೇ ಹೆರಿಗೆ ಆದ ಮೇಲೆ ಹೊಕ್ಕುಳಿನ ಪಕ್ಕ ಗೋಲಿಯಷ್ಟು ಉಬ್ಬು ಕಾಣಿಸಿಕೊಂಡಿತು. ಮಲಗಿದರೆ ಒಳಗೆ ಹೋಗುತ್ತಿತ್ತು, ಕೆಮ್ಮಿದರೆ ಹೊರಗೆ ಬರುತ್ತಿತ್ತು. ನೋವಿಲ್ಲ ಅಂತ ವರ್ಷಗಟ್ಟಲೆ ಸುಮ್ನೆ ಬಿಟ್ಟೆ. ಗೋಲಿ ನಿಂಬೆಹಣ್ಣಿನಷ್ಟಾದ ಮೇಲೆ ಆಪರೇಷನ್ ಮಾಡಿಸಿಕೊಂಡೆ. ಮನೆಗೆ ಹೋದ ಮೇಲೆ ಹೊಟ್ಟೆಗೆ ಬೆಲ್ಟ್ ಕಟ್ಟಿಕೊಳ್ಳಿ ಅಂತ ಡಾಕ್ಟರ್ ಅಂದಿದ್ದರಿಂದ, ಆಪರೇಷನ್‌ಗೆ ಒಂದು ವಾರ ಮೊದಲೇ ಜಾಣತನ ಮಾಡಿ ತರಿಸಿಟ್ಟಿದ್ದೆ.

ಆ ಜಾಣತನವೇ ಎಡವಟ್ಟಾಯಿತು. ನಾನು ಅಳತೆ ತೆಗೆದದ್ದು ಆಪರೇಷನ್ ಮೊದಲು, ಖಾಲಿ ಹೊಟ್ಟೆಯಲ್ಲಿ, ನೆಟ್ಟಗೆ ನಿಂತುಕೊಂಡು. 34 ಇಂಚು. ಆಪರೇಷನ್ ಆದ ಮೇಲೆ ಹೊಟ್ಟೆ ಊದಿಕೊಂಡಿರುತ್ತದೆ, ಮೇಲೆ ಡ್ರೆಸ್ಸಿಂಗ್ ಬೇರೆ. ಮನೆಗೆ ಬಂದ ದಿನ ಟೇಪು ಹಿಡಿದರೆ ಸರಿಯಾಗಿ 37. ಬೆಲ್ಟಿನ ಎರಡು ತುದಿ ಒಂದರ ಮೇಲೊಂದು ಬರುವುದೇ ಕಷ್ಟ. ಎರಡು ಬೆರಳಿನಷ್ಟು ವೆಲ್ಕ್ರೋ ಅಂಟುಪಟ್ಟಿ ಮಾತ್ರ ಕಚ್ಚಿಕೊಳ್ಳುತ್ತಿತ್ತು. ಒಂದು ಸೀನು ಬಂದರೆ ಚರ್ ಅಂತ ಬಿಚ್ಚಿಕೊಂಡಿತು. ಮಾರಿದವರಿಗೆ ಹೇಳಿದರೆ, ಪ್ಯಾಕೆಟ್ ಒಡೆದ ಮೇಲೆ ವಾಪಸ್ ತಗೊಳ್ಳಲ್ಲ ಅಂದರು. ಮೈಗೆ ತಾಗುವ ವಸ್ತು, ಅವರು ಹೇಳುವುದೂ ಸರಿಯೇ. ಇನ್ನೊಂದು ದೊಡ್ಡದು ತರಿಸಿದೆ.

ಹಾಗಾಗಿ ಅಳತೆಯನ್ನು ಹೊಕ್ಕುಳಿನ ಮಟ್ಟದಲ್ಲಿ ತೆಗೆಯಿರಿ. ನಿಮ್ಮ ಪ್ಯಾಂಟಿನ ಸೈಜ್ ನಂಬಬೇಡಿ, ಪ್ಯಾಂಟು ಕೂರುವ ಜಾಗವೇ ಬೇರೆ. ಎರಡು ಸೈಜಿನ ನಡುವೆ ಬಂದರೆ ದೊಡ್ಡದನ್ನೇ ತಗೊಳ್ಳಿ. ಕಂಪನಿಗೊಂದು ಅಳತೆ ಇರುತ್ತದೆ, ಒಬ್ಬರ ಮೀಡಿಯಂ ಇನ್ನೊಬ್ಬರ ಲಾರ್ಜ್.

ಈಗ ಬೆಲ್ಟ್ ಬಗ್ಗೆ. ಕೈಗೆ ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಅದನ್ನು ತಿರುವಿ ಒಳಗಿನ ಹೊಲಿಗೆ ನೋಡಿದ್ದು. ಅಭ್ಯಾಸಬಲ. ಮೂರು ಇಂಚು ಅಗಲದ ಮೂರು ಇಲಾಸ್ಟಿಕ್ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿದ್ದಾರೆ. ಒಟ್ಟು ಒಂಬತ್ತು ಇಂಚು ಎತ್ತರ. ಜೋಡಣೆಗೆ ಜಿಗ್‌ಜಾಗ್ ಹೊಲಿಗೆ ಹಾಕಿದ್ದಾರೆ, ಅದು ಸರಿ. ನೇರ ಹೊಲಿಗೆ ಹಾಕಿದ್ದರೆ ಇಲಾಸ್ಟಿಕ್ ಹಿಗ್ಗಿದಾಗ ದಾರ ಪಟ್ ಅಂತ ಹರಿಯುತ್ತಿತ್ತು. ಒಂದು ತುದಿಯಲ್ಲಿ ವೆಲ್ಕ್ರೋದ ಕೊಕ್ಕೆ ಇರುವ ಭಾಗ. ಇನ್ನೊಂದು ಕಡೆ ಮೆತ್ತನೆಯ ಎಳೆಗಳಿರುವ ಬಟ್ಟೆ, ಅದರ ಮೇಲೆ ಎಲ್ಲಿ ಬೇಕಾದರೂ ಅಂಟಿಸಬಹುದು. ಉತ್ತರಾಣಿ ಬೀಜ ಬಟ್ಟೆಗೆ ಕಚ್ಚಿಕೊಳ್ಳುತ್ತದಲ್ಲ, ಅದೇ ಲೆಕ್ಕ. ಈ ವೆಲ್ಕ್ರೋ ಹುಟ್ಟಿದ್ದೂ ಹಾಗೇ. 1941ರಲ್ಲಿ ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ ತನ್ನ ನಾಯಿಯ ಕೂದಲಿಗೆ ಅಂಟಿದ್ದ ಮುಳ್ಳುಬೀಜ ನೋಡಿ ಯೋಚನೆ ಶುರು ಮಾಡಿದ್ದು.

ಲೇಬಲ್ ಎಲ್ಲಿ ಹೊಲಿದಿದ್ದಾರೆ ಗೊತ್ತಾ? ಸರಿಯಾಗಿ ಹೊಟ್ಟೆಯ ಚರ್ಮಕ್ಕೆ ತಾಗುವ ಒಳಭಾಗದಲ್ಲಿ. ಅದರ ಅಂಚು ಗಾಜಿನ ಚೂರಿನ ಹಾಗೆ ಚುಚ್ಚುತ್ತಿತ್ತು. ಇದನ್ನು ಹೊಲಿದವರು ಯಾರೂ ಇದನ್ನು ಒಂದು ಗಂಟೆ ಕಟ್ಟಿಕೊಂಡು ನೋಡಿಲ್ಲ ಅಂತ ಅಲ್ಲೇ ಗೊತ್ತಾಯಿತು. ಕತ್ತರಿಯಿಂದ ಎಳೆ ಬಿಡಿಸಿ ಕಿತ್ತೆ.

ಆಪರೇಷನ್ ಮೊದಲು ನಾನು ಡಾಕ್ಟರನ್ನು ಕೇಳಿದ್ದೆ, "ಡಾಕ್ಟ್ರೇ, ಬರೀ ಹೊಲಿಗೆನಾ, ತೇಪೆನಾ?" ಅವರು ನಕ್ಕರು. "ನೀವು ಹರಿದ ಬಟ್ಟೆಗೆ ಏನು ಮಾಡ್ತೀರಮ್ಮಾ?" ಅಂದರು. ತೂತು ಚಿಕ್ಕದಾದರೆ ಅಂಚು ಸೇರಿಸಿ ಹೊಲಿಯುತ್ತೇನೆ, ದೊಡ್ಡದಾದರೆ ಅಡಿಯಿಂದ ತೇಪೆ ಬಟ್ಟೆ ಕೊಡುತ್ತೇನೆ. ಅಂಚು ಎಳೆದು ಹೊಲಿದರೆ ಹೊಲಿಗೆಯ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. "ನಾವೂ ಅಷ್ಟೇ" ಅಂದರು. 1901ರಲ್ಲಿ ವಿಲಿಯಂ ಮೇಯೋ ಎಂಬ ಅಮೆರಿಕದ ಸರ್ಜನ್ ಹೊಕ್ಕುಳ ಹರ್ನಿಯಾಕ್ಕೆ ಒಂದು ಅಂಚನ್ನು ಇನ್ನೊಂದರ ಮೇಲೆ ಹೊದಿಸಿ ಹೊಲಿಯುವ ಕ್ರಮ ಬರೆದರಂತೆ. ಡಾಕ್ಟರುಗಳು ಅದನ್ನು ಪ್ಯಾಂಟಿನ ಮೇಲೆ ವೇಸ್ಟ್‌ಕೋಟ್ ಬಂದ ಹಾಗೆ ಅಂತ ಕರೆಯುತ್ತಾರಂತೆ. ಟೈಲರ್ ಭಾಷೆ ಅಲ್ವಾ! ಈಗ ಜಾಸ್ತಿ ಮೆಶ್, ಅಂದರೆ ಬಲೆಯ ತೇಪೆ, ಹಾಕುತ್ತಾರೆ. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಮುನ್ನೂರು ಜನರಲ್ಲಿ ಅರ್ಧ ಜನಕ್ಕೆ ಮೆಶ್, ಅರ್ಧ ಜನಕ್ಕೆ ಬರೀ ಹೊಲಿಗೆ ಹಾಕಿ ನೋಡಿದರು. ಮೆಶ್ ಹಾಕಿದವರಲ್ಲಿ ನೂರಕ್ಕೆ 4 ಜನಕ್ಕೆ ಹರ್ನಿಯಾ ಮರಳಿ ಬಂತು, ಬರೀ ಹೊಲಿಗೆಯವರಲ್ಲಿ 12 ಜನಕ್ಕೆ. ನನಗೂ ಮೆಶ್ಶೇ ಹಾಕಿದರು. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ನೂಲಿನ ಬಲೆ. ಅದರ ಕಣ್ಣುಗಳ ಒಳಗೆ ನಮ್ಮದೇ ಮಾಂಸ ಬೆಳೆದು ಹಿಡಿದುಕೊಳ್ಳುತ್ತದೆ.

"ಹಾಗಾದ್ರೆ ಬೆಲ್ಟ್ ಯಾಕೆ?" ಅಂದೆ. "ನೋವು ಕಡಿಮೆ ಅನಿಸುತ್ತೆ, ಓಡಾಡೋಕೆ ಧೈರ್ಯ ಬರುತ್ತೆ. ಮೆಶ್ಶನ್ನು ಹಿಡಿದುಕೊಳ್ಳೋದು ಬೆಲ್ಟ್ ಅಲ್ಲಮ್ಮಾ" ಅಂದರು. ಈ ಮಾತು ನನಗೆ ಆಗ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹೋಗುವುದಕ್ಕೆ ಮೂರನೇ ವಾರ ಬರಬೇಕಾಯಿತು.

ಮೊದಲ ನಾಲ್ಕು ದಿನ ಬೆಲ್ಟಿಗೆ ಪೂರ್ತಿ ಅಂಕ ಕೊಡುತ್ತೇನೆ. ಹಾಸಿಗೆಯಿಂದ ಏಳುವುದೇ ಒಂದು ಯುದ್ಧ. ನೆಟ್ಟಗೆ ಎದ್ದು ಕೂರಲು ಹೋದರೆ ಹೊಕ್ಕುಳಿಗೆ ಬರೆ ಎಳೆದ ಹಾಗಾಗುತ್ತದೆ. ಮೊದಲು ಮಂಡಿ ಮಡಚಬೇಕು, ಮರದ ದಿಮ್ಮಿ ಉರುಳಿದ ಹಾಗೆ ಇಡೀ ಮೈ ಮಗ್ಗುಲಾಗಬೇಕು, ಕಾಲು ಕೆಳಗೆ ಇಳಿಬಿಟ್ಟು ಮೊಣಕೈ ಊರಿ ಏಳಬೇಕು. ಬೆಲ್ಟ್ ಕಟ್ಟಿದ್ದರೆ ಈ ಸರ್ಕಸ್ಸು ಅರ್ಧದಷ್ಟು ಹಗುರ. ಹೊಟ್ಟೆ ಜೋತುಬಿದ್ದು ಎಳೆಯುವುದಿಲ್ಲ. ಬಚ್ಚಲಿಗೆ ನಡೆದು ಹೋಗುವಾಗ ಯಾರೋ ಅಂಗೈಯಲ್ಲಿ ಹೊಟ್ಟೆ ಹಿಡಿದುಕೊಂಡ ಹಾಗೆ ಇರುತ್ತದೆ.

ಕಟ್ಟಿಕೊಳ್ಳುವುದಕ್ಕೂ ಒಂದು ಕ್ರಮ ಇದೆ. ಮಲಗಿಕೊಂಡೇ ಕಟ್ಟಬೇಕು. ನಿಂತು ಕಟ್ಟಿದರೆ ಹೊಟ್ಟೆ ಆಗಲೇ ಮುಂದಕ್ಕೆ ಬಂದಿರುತ್ತದೆ. ಬೆಲ್ಟನ್ನು ಬೆನ್ನ ಕೆಳಗೆ ಹಾಸಿ, ಉಸಿರು ಬಿಟ್ಟು, ಎರಡೂ ತುದಿ ಎಳೆದು ಅಂಟಿಸಬೇಕು. ಮೊದಲ ಎರಡು ದಿನ ನಮ್ಮ ಮನೆಯವರು ಕಟ್ಟಿದರು. "ಇನ್ನೂ ಸ್ವಲ್ಪ ಎಳೀಲಾ?" ಅಂತ ಕೇಳಿ ಕೇಳಿ ಮೂಟೆ ಕಟ್ಟಿದ ಹಾಗೆ ಬಿಗಿದರು. ಅವತ್ತು ರಾತ್ರಿ ಎದೆಯುರಿ, ಹುಳಿತೇಗು, ಪೂರ್ತಿ ಉಸಿರು ತೆಗೆಯಲು ಆಗದ ಹಾಗೆ. ಬಿಗಿ ಇದ್ದಷ್ಟೂ ಒಳ್ಳೆಯದು ಅನ್ನುವುದು ತಪ್ಪು ಲೆಕ್ಕ. ಎರಡು ಬೆರಳು ಸುಲಭವಾಗಿ ಒಳಗೆ ಹೋಗಬೇಕು. ಮೂರನೇ ದಿನದಿಂದ ಮಗಳಿಗೆ ಕೆಲಸ ವಹಿಸಿದೆ. ಅವಳು ಬೆರಳು ತೂರಿಸಿ ನೋಡಿ "ಸರಿ ಇದೆಯಾ ಅಮ್ಮ?" ಅಂತ ಕೇಳಿಯೇ ವೆಲ್ಕ್ರೋ ಒತ್ತುತ್ತಿದ್ದಳು.

ಕೂತರೆ ಮಾತ್ರ ಈ ಬೆಲ್ಟ್ ಪರಮ ದರಿದ್ರ. ನಾನು ಕುಳ್ಳಿ. ಒಂಬತ್ತು ಇಂಚು ಅಂದರೆ ಪಕ್ಕೆಲುಬಿನಿಂದ ತೊಡೆಯ ಸಂದಿಯವರೆಗೆ ಬಂತು. ಕೂತ ತಕ್ಷಣ ಮೇಲಿನ ಅಂಚು ಸುರುಳಿ ಸುತ್ತಿ ಎದೆಯ ಕೆಳಗೆ ಹಗ್ಗದ ಹಾಗೆ ಒತ್ತುತ್ತದೆ. ಸುರುಳಿ ಸುತ್ತಬಾರದು ಅಂತ ಪಕ್ಕದಲ್ಲಿ ಉದ್ದುದ್ದ ಪ್ಲಾಸ್ಟಿಕ್ ಪಟ್ಟಿ ತೂರಿಸಿದ್ದಾರೆ, ಅದು ಪಕ್ಕೆಗೆ ಚುಚ್ಚುತ್ತದೆ. ಐದನೇ ದಿನ ಎರಡು ಹೊಲಿಗೆ ಬಿಚ್ಚಿ ಒಂದು ಪಟ್ಟಿ ಎಳೆದು ಹಾಕಿದೆ. ತೋರಿಸಲು ಹೋದಾಗ ಡಾಕ್ಟರಿಗೆ ಹೇಳಿದೆ, ತೊಂದರೆ ಇಲ್ಲ ಅಂದರು. ಎತ್ತರದವರಿಗೆ ಹನ್ನೆರಡು ಇಂಚಿನದೂ ಸಿಗುತ್ತದೆ. ನನ್ನ ಹಾಗೆ ಗಿಡ್ಡ ಇದ್ದವರು ಕೂತು ನೋಡದೆ ತಗೊಳ್ಳಬೇಡಿ.

ಬರೀ ಮೈ ಮೇಲೆ ಕಟ್ಟಬೇಡಿ. ಒಳಗೆ ತೆಳು ಹತ್ತಿ ಬನಿಯನ್ ಇರಲಿ, ಅದನ್ನು ಉಲ್ಟಾ ಹಾಕಿಕೊಳ್ಳಿ. ಹೊಲಿಗೆಯ ಗೆರೆ ಹೊರಗೆ ಬಂದರೆ ಗಾಯದ ಮೇಲೆ ಒತ್ತುವುದಿಲ್ಲ. ರಬ್ಬರ್ ಅಲರ್ಜಿ ಇರುವವರು ಲ್ಯಾಟೆಕ್ಸ್ ಇಲ್ಲದ್ದು ಅಂತ ಬರೆದಿರುವುದನ್ನೇ ಹುಡುಕಿ. ಒಗೆಯುವಾಗ ವೆಲ್ಕ್ರೋ ಮುಚ್ಚಿ, ತಣ್ಣೀರಲ್ಲಿ ಕೈಯಲ್ಲೇ ಒಗೆದು ಚಪ್ಪಟೆ ಹಾಸಿ ಒಣಗಿಸಬೇಕು. ಒಣಗಲು ಒಂದು ದಿನ ಬೇಕು. ತಪ್ಪಿ ತರಿಸಿದ ಚಿಕ್ಕ ಬೆಲ್ಟ್ ಆಗ ಕೆಲಸಕ್ಕೆ ಬಂತು. ಎರಡನೇ ವಾರಕ್ಕೆ ಹೊಟ್ಟೆ ಇಳಿದು ಅದೂ ಸರಿಹೋಗುತ್ತಿತ್ತು.

ವೆಲ್ಕ್ರೋಗೆ ದಾರದ ಚೂರು, ಕೂದಲು ತುಂಬಿಕೊಂಡು ನಾಲ್ಕನೇ ವಾರಕ್ಕೆ ಹಿಡಿತ ಹೋಯಿತು. ನನ್ನ ಮನೆಯಲ್ಲಿ ದಾರದ ಚೂರಿಗೆ ಬರವಿಲ್ಲ, ಹಾಗಾಗಿ ಇದು ಪೂರ್ತಿ ಬೆಲ್ಟಿನ ತಪ್ಪಲ್ಲ. ಸೂಜಿ ಮೊನೆಯಿಂದ ಕೆದಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಮತ್ತೆ ಕಚ್ಚುತ್ತದೆ.

ಈಗ ಮೂರನೇ ವಾರದ ಕಥೆ. ನೋವು ಕಡಿಮೆಯಾಗಿತ್ತು. ಬೆಲ್ಟ್ ಕಟ್ಟಿಕೊಂಡರೆ ನಾನು ಮೊದಲಿನವಳೇ ಅನಿಸುತ್ತಿತ್ತು. ಭಾರ ಎತ್ತಬೇಡಿ, ಆರು ವಾರ ಅಂತ ಹೇಳಿದ್ದು ನೆನಪಿತ್ತು. ಆದರೆ ಬೆಲ್ಟ್ ಇದೆಯಲ್ಲ ಅಂತ ಬಚ್ಚಲಲ್ಲಿ ತುಂಬಿದ ಬಕೆಟ್ ಎತ್ತಿದೆ. ಹೊಕ್ಕುಳಿನ ಹತ್ತಿರ ಒಳಗಿನಿಂದ ಯಾರೋ ದಾರ ಜಗ್ಗಿದ ಹಾಗಾಯಿತು. ಬಕೆಟ್ ಅಲ್ಲೇ ಬಿಟ್ಟು ಗೋಡೆ ಹಿಡಿದು ನಿಂತೆ. ಬೆವರು. ಮರುದಿನ ಡಾಕ್ಟರ್ ಒತ್ತಿ ನೋಡಿ, ಕೆಮ್ಮಿಸಿ ನೋಡಿ, ಏನೂ ಆಗಿಲ್ಲ ಅಂದರು. ಆಮೇಲೆ ಬೈದರು. ಬೆಲ್ಟ್ ಕಟ್ಟಿದರೆ ಹರ್ನಿಯಾ ಮರಳಿ ಬರುವುದಿಲ್ಲ ಅನ್ನುವುದಕ್ಕೆ ಆಧಾರ ಇಲ್ಲವಂತೆ. ಈ ಬೆಲ್ಟಿನ ಬಗ್ಗೆ ನನ್ನ ದೊಡ್ಡ ದೂರು ಇದೇ. ಅದು ತನ್ನ ಶಕ್ತಿಗಿಂತ ಜಾಸ್ತಿ ಧೈರ್ಯ ಕೊಡುತ್ತದೆ. ಡಬ್ಬದ ಮೇಲೆ ಬೆಲ್ಟ್ ಕಟ್ಟಿದವರು ನಗುತ್ತಾ ನಿಂತಿರುವ ಫೋಟೋ ಇದೆ, ಭಾರ ಎತ್ತಬೇಡಿ ಅಂತ ಒಂದು ಸಾಲು ಇಲ್ಲ.

ಬೆಲ್ಟಿಗಿಂತ ಚೆನ್ನಾಗಿ ಕೆಲಸ ಮಾಡಿದ್ದು ಒಂದು ಹಳೇ ದಿಂಬು. ಕೆಮ್ಮು, ಸೀನು, ನಗು ಬರುವ ಸೂಚನೆ ಸಿಕ್ಕ ಕೂಡಲೇ ಹೊಟ್ಟೆಗೆ ಒತ್ತಿ ಹಿಡಿದರೆ ಸಾಕು. ಇನ್ನೊಂದು, ಕಾಲಿಡಲು ಗಿಡ್ಡ ಮಣೆ. ಕೆಲವು ನೋವಿನ ಮಾತ್ರೆಗೆ ಹೊಟ್ಟೆ ಕಟ್ಟಿಕೊಳ್ಳುತ್ತದೆ, ಆ ಗಾಯ ಇಟ್ಟುಕೊಂಡು ತಿಣುಕುವುದು ಬೇಡವೇ ಬೇಡ. ಕಮೋಡಿನ ಮುಂದೆ ಮಣೆ ಇಟ್ಟು ಕಾಲು ಎತ್ತರಿಸಿ ಕೂತರೆ ಸಲೀಸು. ನೀರು ಜಾಸ್ತಿ ಕುಡಿಯಿರಿ, ಆಗದಿದ್ದರೆ ನಾಚಿಕೆ ಬಿಟ್ಟು ಡಾಕ್ಟರನ್ನು ಕೇಳಿ ಮಾತ್ರೆ ತಗೊಳ್ಳಿ.

ಜ್ವರ, ಗಾಯದ ಸುತ್ತ ಹರಡುವ ಕೆಂಪು, ಕೀವು, ನಿಲ್ಲದ ವಾಂತಿ, ಗಾಳಿಯೂ ಹೋಗದ ಹೊಟ್ಟೆ, ಮೂತ್ರ ಕಟ್ಟುವುದು, ಇವು ಬಂದರೆ ಬೆಲ್ಟ್ ಬಿಗಿ ಮಾಡುತ್ತಾ ಕೂರಬೇಡಿ. ಆಸ್ಪತ್ರೆಗೆ ಹೋಗಿ.

ನನ್ನ ನೋಡಿ ನಮ್ಮ ಭಾವನೂ ಇದೇ ಬೆಲ್ಟ್ ಕೇಳಿದರು. ಅವರದು ತೊಡೆಸಂದಿಯ ಹರ್ನಿಯಾ. ಈ ಬೆಲ್ಟ್ ಹೊಟ್ಟೆ ಸುತ್ತ ಕೂರುತ್ತದೆ, ಅವರ ಗಾಯ ಇರುವುದು ಅದರ ಕೆಳಗೆ. ಅವರಿಗೆ ಮೈಗೆ ಅಂಟುವ ಬಿಗಿ ಒಳಚಡ್ಡಿ, ಬಟ್ಟೆಯಲ್ಲಿ ಸುತ್ತಿದ ಐಸ್ ಪ್ಯಾಕ್ ಹೆಚ್ಚು ಸಹಾಯ ಮಾಡಿದವು. ಯಾವ ಜಾಗದ ಹರ್ನಿಯಾ ಅಂತ ನೋಡದೆ ತರಿಸಿದರೆ ದುಡ್ಡು ದಂಡ.

ಐದಕ್ಕೆ ಮೂರೂವರೆ. ಮೊದಲ ನಾಲ್ಕು ದಿನಕ್ಕೆ ಐದು, ಆಮೇಲಿನ ದಿನಕ್ಕೆ ಎರಡು, ಸರಾಸರಿ ಹಾಕಿಕೊಳ್ಳಿ. ಲೇಬಲ್ ಹೊಲಿದವರಿಗೆ ಸೊನ್ನೆ.

ಈಗ ಎಂಟನೇ ವಾರ, ಮಶೀನಿನ ಮುಂದೆ ಕೂತಿದ್ದೇನೆ. ಬೆಲ್ಟ್ ಎರಡೂ ಒಗೆದು ಕಪಾಟಿನಲ್ಲಿಟ್ಟಿದ್ದೇನೆ. ಎಳೆದು ಹಾಕಿದ ಆ ಪ್ಲಾಸ್ಟಿಕ್ ಪಟ್ಟಿ ಮಾತ್ರ ಕತ್ತರಿಯ ಪಕ್ಕದಲ್ಲೇ ಇದೆ. ಕಾಲರ್ ಮಗುಚಿದ ಮೇಲೆ ಮೂಲೆ ಚೂಪಾಗಿ ಹೊರಗೆ ತಳ್ಳಲು ಅಷ್ಟು ಒಳ್ಳೆಯ ಸಾಮಾನು ನನ್ನ ಹತ್ತಿರ ಮೊದಲು ಇರಲಿಲ್ಲ.