ಸ್ಪ್ಲೆಂಡರ್ ಕ್ಲಚ್: ಮೂರು ಥರ ಹಾಕಿ ನೋಡಿದ ಮೇಲೆ

ನನ್ನ ಸ್ಪ್ಲೆಂಡರ್‌ಗೆ ಎರಡು ಸಲ, ಭಾವನ ಸ್ಪ್ಲೆಂಡರ್‌ಗೆ ಒಂದು ಸಲ, ಮನೆ ಅಂಗಳದಲ್ಲೇ ಕ್ಲಚ್ ಬದಲಿಸಿದ್ದೇನೆ. ಮೂರು ಸಲವೂ ಬೇರೆ ಬೇರೆ ಸಾಮಾನು. ಮೊದಲು ಹಾಕಿದ್ದು ಪೇಟೆಯಲ್ಲಿ ಸಿಗುವ ಲೋಕಲ್ ಪ್ಲೇಟಿನ ಸೆಟ್. ಆಮೇಲೆ ಕಂಪನಿಯ ಒರಿಜಿನಲ್ ಪ್ಲೇಟು. ಭಾವನ ಗಾಡಿಗೆ ಇಡೀ ಕ್ಲಚ್ ಅಸೆಂಬ್ಲಿ, ಅಂದರೆ ಬಟ್ಟಲು, ಪ್ಲೇಟು, ಸ್ಪ್ರಿಂಗ್ ಎಲ್ಲಾ ಸೇರಿದ್ದು.

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ, ಹೆಂಡತಿಯ ತವರು ಹೆಬ್ರಿ. ತಿಂಗಳಿಗೆ ಒಂದೆರಡು ಸಲವಾದರೂ ಆಗುಂಬೆ ಘಾಟಿ ಇಳಿದು ಹತ್ತಬೇಕು. 14 ಹೇರ್‌ಪಿನ್ ತಿರುವು, ಹಿಂದೆ ಹೆಂಡತಿ, ಬರುವಾಗ ತೆಂಗಿನಕಾಯಿ ಚೀಲ. 97.2 ಸಿಸಿ ಎಂಜಿನ್‌ಗೆ ಇದು ಸಣ್ಣ ಕೆಲಸ ಅಲ್ಲ. ಕ್ಲಚ್ ಸವೆಯಲು ಶುರುವಾದರೆ ಊರೊಳಗೆ ಓಡಾಡುವಾಗ ಗೊತ್ತೇ ಆಗುವುದಿಲ್ಲ. ಘಾಟಿಯಲ್ಲಿ ಗೊತ್ತಾಗುತ್ತದೆ. ಎಕ್ಸಲರೇಟರ್ ತಿರುವಿದಷ್ಟೂ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಅಲ್ಲೇ ತೆವಳುತ್ತದೆ.

ಹಾಗಾದ ತಕ್ಷಣ ಪ್ಲೇಟು ಹೋಯಿತು ಅಂತ ತೀರ್ಮಾನ ಮಾಡಬೇಡಿ. ಮೊದಲು ಕೇಬಲ್ ನೋಡಿ. ಕ್ಲಚ್ ಲಿವರ್‌ನ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇರಬೇಕು. ಅದು ಇಲ್ಲದಿದ್ದರೆ ಕ್ಲಚ್ ಯಾವಾಗಲೂ ಅರ್ಧ ಹಿಡಿದಂತೆಯೇ ಇರುತ್ತದೆ, ಒಳ್ಳೆಯ ಪ್ಲೇಟೂ ಜಾರುತ್ತದೆ. ಆಮೇಲೆ ಎಣ್ಣೆ. ಈ ಗಾಡಿಯಲ್ಲಿ ಕ್ಲಚ್ ಮುಳುಗಿರುವುದು ಎಂಜಿನ್ ಎಣ್ಣೆಯಲ್ಲೇ. ಬಹಳಷ್ಟು ಕಾರಿನ ಎಣ್ಣೆಯಲ್ಲಿ ಜಾರಿಕೆ ಹೆಚ್ಚಿಸುವ ಪದಾರ್ಥ ಸೇರಿಸಿರುತ್ತಾರೆ, ಕಾರಿಗೆ ಅದು ಒಳ್ಳೆಯದು, ಬೈಕಿನ ಕ್ಲಚ್‌ಗೆ ಅಲ್ಲ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (JASO MA, MA2) ಅಂತ ಇದ್ದರೆ ಮಾತ್ರ ತಗೊಳ್ಳಿ, ಎಣ್ಣೆಯಲ್ಲಿ ಮುಳುಗಿರುವ ಬೈಕ್ ಕ್ಲಚ್‌ಗೆ ಹೊಂದುತ್ತದೆ ಅನ್ನುವ ಗುರುತು ಅದು. ಇವೆರಡೂ ಸರಿಯಿದ್ದು ಇನ್ನೂ ಜಾರುತ್ತಿದ್ದರೆ ಬಿಚ್ಚುವುದೇ ದಾರಿ.

ಬಿಚ್ಚುವ ಕೆಲಸ ಮೂರಕ್ಕೂ ಒಂದೇ, ಅದನ್ನು ಬೇಗ ಹೇಳಿಬಿಡುತ್ತೇನೆ. ಎಣ್ಣೆ ಇಳಿಸಿ. ಗಾಡಿಯನ್ನು ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಗ ಉಳಿದ ಎಣ್ಣೆ ಎಡಕ್ಕೆ ವಾಲುತ್ತದೆ, ನಿಮ್ಮ ಮೈಮೇಲೆ ಬರುವುದಿಲ್ಲ. ಫುಟ್‌ರೆಸ್ಟ್, ಕಿಕ್ಕರ್, ಕ್ಲಚ್ ಕೇಬಲ್ ತೆಗೆದು ಬಲಗಡೆ ಕವರಿನ ಬೋಲ್ಟು ಬಿಚ್ಚಿ. ಬೋಲ್ಟುಗಳ ಉದ್ದ ಒಂದೇ ಅಲ್ಲ. ನಾನು ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಯಾವ ಬೋಲ್ಟು ಎಲ್ಲಿಯದೋ ಅಲ್ಲೇ ಚುಚ್ಚಿಡುತ್ತೇನೆ. ಒಳಗೆ ನಾಲ್ಕು ಸ್ಪ್ರಿಂಗ್, ಅವುಗಳ ನಾಲ್ಕು ಬೋಲ್ಟು. ಎದುರು ಬದುರು ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ನಡುವಿನ ನಟ್ಟಿಗೆ ಮಾತ್ರ ನಾಲ್ಕು ಹಲ್ಲಿನ ಸಾಕೆಟ್ ಬೇಕು. ಉಳಿ, ಸುತ್ತಿಗೆ ಹಿಡಿದು ಹೊಡೆಯುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಆ ಸಾಕೆಟ್ ಬಿಡಿಭಾಗದ ಅಂಗಡಿಯಲ್ಲೇ ಸಿಗುತ್ತದೆ, ಒಮ್ಮೆ ತಗೊಂಡರೆ ಬಹಳ ವರ್ಷ ಬರುತ್ತದೆ.

ಈಗ ಲೋಕಲ್ ಸೆಟ್ ವಿಷಯ. ಅಂಗಡಿಯವರು ಎರಡು ಪೊಟ್ಟಣ ಮುಂದಿಟ್ಟರು. ಒರಿಜಿನಲ್‌ಗೆ ಹೋಲಿಸಿದರೆ ಇದರ ಬೆಲೆ ಹೆಚ್ಚುಕಮ್ಮಿ ಅರ್ಧ. "ಎಲ್ಲಾ ಒಂದೇ ಮಾರಾಯ್ರೆ, ಸುಮ್ನೆ ಯಾಕೆ ಜಾಸ್ತಿ ಕೊಡ್ತೀರಿ" ಅಂದರು. ನಾನೂ ತಂದೆ. ಹಾಕಿದ ಮೊದಲ ವಾರ ತುಂಬಾ ಖುಷಿ, ಗಾಡಿ ಹೊಸದರಂತೆ ಎಳೆಯಿತು. ತಿಂಗಳು ಕಳೆಯುವಷ್ಟರಲ್ಲಿ ಬೆಳಿಗ್ಗೆ ಹೊರಡುವಾಗ ಗಾಡಿ ಗಡಗಡ ನಡುಗತೊಡಗಿತು. ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಬೀಳುತ್ತಿರಲಿಲ್ಲ. ಕ್ಲಚ್ ಪೂರ್ತಿ ಹಿಡಿದರೂ ಗಾಡಿ ಮುಂದಕ್ಕೆ ಜಗ್ಗುತ್ತಿತ್ತು. ಒಂದು ಮಳೆಗಾಲ ದಾಟಿತು, ಅಷ್ಟೇ. ಘಾಟಿಯ ಬುಡದ ಸೋಮೇಶ್ವರದಿಂದ ಮೇಲೆ ಹತ್ತುವಾಗ ಮತ್ತೆ ಅದೇ ಕೂಗು. ಹೆಂಡತಿಯನ್ನು ಬಸ್ಸಿಗೆ ಹತ್ತಿಸಿ, ನಾನೊಬ್ಬನೇ ಗಾಡಿ ಹತ್ತಿಸಿಕೊಂಡು ಬಂದೆ.

ಬಿಚ್ಚಿ ನೋಡಿದರೆ ಬೇಜಾರಾಯಿತು. ಪ್ಲೇಟಿನ ಮೇಲೆ ಅಂಟಿಸಿದ ಕಂದು ಬಣ್ಣದ ತುಂಡುಗಳಲ್ಲಿ ಮೂರು ಕಿತ್ತುಹೋಗಿದ್ದವು. ಆ ಜಾಗದಲ್ಲಿ ಬರೀ ಲೋಹ ಹೊಳೆಯುತ್ತಿತ್ತು. ಕೆಳಗಿನ ಎಣ್ಣೆ ಜಾಲರಿ ಎಳೆದರೆ ಕಾಫಿ ಚರಟದ ಥರ ಪುಡಿ ತುಂಬಿಕೊಂಡಿತ್ತು. ನನಗೆ ಭಯ ಆಗಿದ್ದು ಅದನ್ನು ಕಂಡು. ಕ್ಲಚ್ ಹೋದರೆ ಕ್ಲಚ್ ಹಾಕಬಹುದು. ಆ ಜಾಲರಿ ಕಟ್ಟಿಕೊಂಡು ಎಂಜಿನ್‌ಗೆ ಎಣ್ಣೆ ಹೋಗದಿದ್ದರೆ ಏನು ಮಾಡುವುದು? ನೀವು ಯಾವ ಪ್ಲೇಟು ಹಾಕಿದರೂ ಕವರ್ ತೆಗೆದಾಗ ಆ ಜಾಲರಿಯನ್ನು ಎಳೆದು ಪೆಟ್ರೋಲಿನಲ್ಲಿ ತೊಳೆದು ಹಾಕಿ.

ಎರಡನೇ ಸಲ ಕಂಪನಿಯ ಪ್ಲೇಟು. ಕೈಯಲ್ಲಿ ಹಿಡಿದಾಗಲೇ ವ್ಯತ್ಯಾಸ ಕಾಣುತ್ತದೆ. ತುಂಡುಗಳ ಅಂಚು ಚೂಪಾಗಿ ಕತ್ತರಿಸಿದಂತಿದೆ, ನಡುವಿನ ಸಂದಿಗಳ ಅಗಲ ಎಲ್ಲಾ ಕಡೆ ಒಂದೇ, ಆ ದಾರಿಯಲ್ಲೇ ಎಣ್ಣೆ ಹೊರಗೆ ಹೋಗಬೇಕು. ಲೋಕಲ್ ಪ್ಲೇಟಿನಲ್ಲಿ ಒಂದೆರಡು ಕಡೆ ಅಂಟು ಉಕ್ಕಿ ಬಂದು ಆ ದಾರಿಯೇ ಅರ್ಧ ಮುಚ್ಚಿತ್ತು. ಹೊಸ ಪ್ಲೇಟುಗಳನ್ನು ಹಿಂದಿನ ರಾತ್ರಿಯೇ ಹೊಸ ಎಣ್ಣೆಯಲ್ಲಿ ಮುಳುಗಿಸಿಡಿ. ನಾನು ಹಳೆಯ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೆ. ಒಣ ಪ್ಲೇಟು ಹಾಕಿ ಓಡಿಸಿದರೆ ಶುರುವಿನಲ್ಲೇ ಸುಡಬಹುದು. ಈ ಪ್ಲೇಟುಗಳ ನಡುವೆ ಕೂರುವ ಬರೀ ಸ್ಟೀಲಿನ ಪ್ಲೇಟುಗಳನ್ನು ದಪ್ಪ ಗಾಜಿನ ಮೇಲಿಟ್ಟು ಅಂಚನ್ನು ಬೆರಳಿನಿಂದ ಒತ್ತಿ ನೋಡಿದೆ. ಒಂದು ಮಾತ್ರ ಟಕ್ ಟಕ್ ಅಂತ ಅಲುಗಿತು, ಅದರ ಮೇಲೆ ಶಾಖಕ್ಕೆ ಬಂದ ನೀಲಿ ಕಲೆಯೂ ಇತ್ತು. ಅದೊಂದನ್ನು ಬದಲಿಸಿದೆ.

ನಡುಕ ಪೂರ್ತಿ ಹೋಯಿತು. ನ್ಯೂಟ್ರಲ್ ಸಲೀಸಾಗಿ ಬೀಳತೊಡಗಿತು. ಆದರೆ ಘಾಟಿಯ ಮೇಲಿನ ತಿರುವುಗಳಲ್ಲಿ, ಇಬ್ಬರು ಕೂತಾಗ, ಸ್ವಲ್ಪ ಜಾರುವುದು ಉಳಿದೇ ಇತ್ತು. ಒರಿಜಿನಲ್ ಹಾಕಿಯೂ ಹೀಗ್ಯಾಕೆ ಅಂತ ತಲೆ ಕೆಟ್ಟಿತು. ನಮ್ಮೂರ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಸ್ಪ್ರಿಂಗ್ ಹೊಸದು ಹಾಕಿದ್ರಾ?"

ಹಾಕಿರಲಿಲ್ಲ. ಎರಡು ಸಲವೂ ಹಳೆಯ ಸ್ಪ್ರಿಂಗೇ ಕೂರಿಸಿದ್ದೆ. ಹೊಸ ನಾಲ್ಕು ತಂದು ಹಳೆಯದರ ಪಕ್ಕ ನಿಲ್ಲಿಸಿದರೆ, ಅಳತೆ ಕೋಲೂ ಬೇಡ, ಕಣ್ಣಿಗೇ ಕಾಣುತ್ತಿತ್ತು. ನಾಲ್ಕೂ ಗಿಡ್ಡ, ಒಂದಂತೂ ಉಳಿದ ಮೂರಕ್ಕಿಂತಲೂ ಗಿಡ್ಡ. ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಈ ಸ್ಪ್ರಿಂಗುಗಳೇ ಅಲ್ವಾ? ಒತ್ತಡವೇ ಕಡಿಮೆ ಇದ್ದರೆ ಎಷ್ಟು ಒಳ್ಳೆಯ ಪ್ಲೇಟಾದರೂ ಏನು ಮಾಡೀತು? ಆ ನಾಲ್ಕು ಸ್ಪ್ರಿಂಗಿನ ಬೆಲೆ ಇಡೀ ಕೆಲಸದಲ್ಲೇ ಅತಿ ಕಡಿಮೆ. ಬದಲಿಸಿದ ದಿನದಿಂದ ಜಾರುವುದು ನಿಂತಿತು. ಲಿವರ್ ಸ್ವಲ್ಪ ಬಿಗಿ ಅನ್ನಿಸಿತು, ವಾರದಲ್ಲಿ ಕೈಗೆ ರೂಢಿಯಾಯಿತು.

ಭಾವನ ಗಾಡಿಯ ಕಥೆ ಬೇರೆ. ಅವರದು ನನ್ನದಕ್ಕಿಂತ ಹಳೆಯದು, ಹಾಲಿನ ಕ್ಯಾನ್ ಹೊತ್ತು ಓಡಿದ್ದು. ಅವರಿಗೂ ಪ್ಲೇಟು, ಸ್ಪ್ರಿಂಗ್ ಸಾಕು ಅಂದುಕೊಂಡೇ ಬಿಚ್ಚಿದೆ. ಆದರೆ ಪ್ಲೇಟುಗಳ ಕಿವಿ ಕೂರುವ ಹೊರಗಿನ ಬಟ್ಟಲಿನ ಬೆರಳುಗಳಲ್ಲಿ ಕಚ್ಚು ಬಿದ್ದಿತ್ತು. ಉಗುರು ಎಳೆದರೆ ಪ್ರತಿ ಕಚ್ಚಿಗೂ ಸಿಕ್ಕಿಕೊಳ್ಳುವಷ್ಟು ಆಳ. ಪ್ಲೇಟು ಆ ಕಚ್ಚಿನಲ್ಲಿ ಸಿಕ್ಕರೆ ಹಿಂದೆ ಮುಂದೆ ಸರಿಯುವುದಿಲ್ಲ, ಕ್ಲಚ್ ಸರಿಯಾಗಿ ಬಿಡುವುದಿಲ್ಲ. ಅರ ಹಾಕಿ ಉಜ್ಜಿ ಸಮ ಮಾಡುವವರಿದ್ದಾರೆ. ಕಚ್ಚು ಮೇಲುಮೇಲೆ ಇದ್ದರೆ ಸರಿ, ಇಷ್ಟು ಆಳ ಇದ್ದರೆ ಉಜ್ಜಿದಷ್ಟೂ ಸಂದಿ ದೊಡ್ಡದಾಗಿ ಪ್ಲೇಟು ಬಡಿಯುತ್ತದೆ. ಅದಕ್ಕೇ ಇಡೀ ಅಸೆಂಬ್ಲಿ ತರಿಸಿದೆವು. ಪ್ಲೇಟು ಸ್ಪ್ರಿಂಗ್ ಎರಡೂ ಸೇರಿದ್ದಕ್ಕಿಂತ ಬಹಳ ಜಾಸ್ತಿ ಖರ್ಚು. ಕೂರಿಸುವುದು ಮಾತ್ರ ಮೂರರಲ್ಲಿ ಇದೇ ಸುಲಭ, ಗಾಡಿ ನಯವಾಗಿಯೇ ಓಡುತ್ತಿದೆ. ನನ್ನ ಗಾಡಿಯ ಬಟ್ಟಲು ನುಣ್ಣಗಿತ್ತು, ಅದಕ್ಕೆ ಇಷ್ಟು ದುಡ್ಡು ಹಾಕಿದ್ದರೆ ದಂಡ ಆಗುತ್ತಿತ್ತು. ಉಗುರು ಎಳೆದು ನೋಡದೆ ಅಸೆಂಬ್ಲಿ ಕೊಳ್ಳಬೇಡಿ.

ಲೋಕಲ್ ಸೆಟ್ ಅಗ್ಗ ಅನ್ನುವವರಿಗೆ ನನ್ನ ಲೆಕ್ಕ ಇಷ್ಟೇ. ಯಾವ ಪ್ಲೇಟು ಹಾಕಿದರೂ ಎಣ್ಣೆ ಸೋರದಂತೆ ಕವರಿನ ಅಡಿಗೆ ಹೊಸ ಗ್ಯಾಸ್ಕೆಟ್ ಬೇಕು, ಹೆಚ್ಚುಕಮ್ಮಿ ಒಂದು ಲೀಟರ್ ಎಣ್ಣೆ ಬೇಕು, ಹಳೆಯ ಗ್ಯಾಸ್ಕೆಟ್ ಬ್ಲೇಡಿನಿಂದ ಕೆರೆಯುತ್ತಾ ಅರ್ಧ ಭಾನುವಾರ ಕೂರಬೇಕು. ಗ್ಯಾಸ್ಕೆಟ್ ಉಳಿಸೋಣ ಅಂತ ಬರೀ ಪೇಸ್ಟ್ ಬಳಿಯಬೇಡಿ, ಒಳಗೆ ಉಕ್ಕಿದ ಪೇಸ್ಟ್ ಎಣ್ಣೆಯ ದಾರಿ ಮುಚ್ಚಬಹುದು. ಈ ಖರ್ಚೆಲ್ಲ ನನಗೆ ಒಂದೇ ವರ್ಷದಲ್ಲಿ ಎರಡು ಸಲ ಬಿತ್ತು. ಪ್ಲೇಟಿನಲ್ಲಿ ಉಳಿಸಿದ್ದು ಒಂದು ಎಣ್ಣೆ ಡಬ್ಬಿಗೂ ಸಾಲಲಿಲ್ಲ.

ಹಾಗಾಗಿ ಈಗ ಯಾರು ಕೇಳಿದರೂ ನಾನು ಬರೆದುಕೊಡುವ ಚೀಟಿ ಇದು: ಕಂಪನಿಯ ಪ್ಲೇಟು, ನಾಲ್ಕು ಸ್ಪ್ರಿಂಗ್, ಕವರ್ ಗ್ಯಾಸ್ಕೆಟ್, ಒಂದು ಡಬ್ಬಿ ಎಂಎ ಎಣ್ಣೆ. ಸ್ಟೀಲ್ ಪ್ಲೇಟು ಬೇಕೋ ಬೇಡವೋ ಅನ್ನುವುದು ಗಾಜಿನ ಮೇಲಿಟ್ಟು ನೋಡಿದ ಮೇಲೆ. ನನ್ನ ಗಾಡಿ ಈ ಸಾಮಾನಿನಲ್ಲೇ ಎರಡು ಮಳೆಗಾಲ ಕಳೆದಿದೆ. ಮೊನ್ನೆ ಹೆಬ್ರಿಯಿಂದ ಬರುವಾಗ ಹೆಂಡತಿ, ತೆಂಗಿನಕಾಯಿ ಚೀಲ, ಜೊತೆಗೆ ಒಂದು ಹಲಸಿನ ಹಣ್ಣು. ಎರಡನೇ ಗೇರಿನಲ್ಲಿ ಒಂದೇ ಸಮನೆ ಹತ್ತಿತು, ಆಗುಂಬೆ ಚೆಕ್‌ಪೋಸ್ಟ್ ತನಕ ಎಲ್ಲೂ ನಿಲ್ಲಿಸಲಿಲ್ಲ.