ಮೂರು ವರ್ಷ ವಿಟಮಿನ್ ಪುಡಿ ಕೊಟ್ಟ ಮೇಲೆ

ನನ್ನ ಮಗನಿಗೆ ಈಗ ಒಂಬತ್ತು ವರ್ಷ. ಆಟಿಸಂ ಇದೆ. ಅವನು ತಿನ್ನುವುದು ಮೊಸರನ್ನ, ಚಟ್ನಿ ಸೋಕದ ಇಡ್ಲಿ, ಒಂದೇ ಬಗೆಯ ಬಿಸ್ಕತ್ತು. ಅಷ್ಟೇ. ಬೀನ್ಸ್ ಪಲ್ಯ ತಟ್ಟೆ ಅಂಚಿಗೆ ಬಂದರೂ ಊಟ ಮುಗಿದ ಹಾಗೆ. ಅದಕ್ಕೇ ಜಯನಗರದ ಮೆಡಿಕಲ್ ಶಾಪಿನಿಂದ ಈ ಮಲ್ಟಿವಿಟಮಿನ್ ಪುಡಿ ತಂದೆವು. ತಿಂಗಳಿಗೊಂದು ಡಬ್ಬಿ, ಹತ್ತಿರ ಹತ್ತಿರ 700 ರೂಪಾಯಿ.

"ಅಷ್ಟು ದುಡ್ಡು ಸುರಿದ್ಯಲ್ಲಮ್ಮ, ಮಗು ಮಾತಾಡ್ತಾ?" ಅಂತ ಅತ್ತೆ ಕೇಳುತ್ತಾರೆ. ಇಲ್ಲ. ಈ ಪುಡಿಯಿಂದ ಮಾತು ಬರಲಿಲ್ಲ, ಕೈ ಬಡಿಯುವುದೂ ನಿಲ್ಲಲಿಲ್ಲ. ಅವನು ತಿನ್ನದೇ ಬಿಟ್ಟ ತರಕಾರಿ, ಹಣ್ಣಿನ ಕೊರತೆಯನ್ನು ಸ್ವಲ್ಪ ತುಂಬಿತು. ನಾನು ಕೊಂಡದ್ದು ಅಷ್ಟಕ್ಕೇ ಅಂತ ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಮೊದಲೆಲ್ಲ ಕುದಿಯುವ ಹಾಲಿಗೆ ಹಾಕುತ್ತಿದ್ದೆ. ಬಿಸಿಗೆ ಸಿ ವಿಟಮಿನ್ ಹಾಳಾಗುತ್ತದೆ, ಈಗ ತಣ್ಣನೆ ಮೊಸರಿಗೇ ಕಲಸುತ್ತೇನೆ.

ನಿಜವಾಗಿ ಉಪಯೋಗವಾದದ್ದು ರಕ್ತ ಪರೀಕ್ಷೆ. ಕಬ್ಬಿಣದ ಅಂಶ ಕಡಿಮೆ, ಡಿ ವಿಟಮಿನ್ ಇನ್ನೂ ಕಡಿಮೆ. ಮೂರನೇ ಮಹಡಿ ಫ್ಲ್ಯಾಟಿನಲ್ಲಿ ಬಿಸಿಲು ಎಲ್ಲಿ ಬರಬೇಕು ಹೇಳಿ? ಡಾಕ್ಟರು 60,000 ಯೂನಿಟ್ಟಿನ ಡಿ ವಿಟಮಿನ್ ಪುಡಿ ಕೊಟ್ಟರು, ವಾರಕ್ಕೊಂದು, ಆರು ವಾರ ಮಾತ್ರ. ಅದು ಮೈಯಲ್ಲೇ ಉಳಿದುಕೊಳ್ಳುವ ವಿಟಮಿನ್, ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಕಬ್ಬಿಣದ ಸಿರಪ್ಪನ್ನು ಹಾಲು, ಮೊಸರಿನ ಜೊತೆ ಕೊಡಬೇಡಿ ಅಂದರು. ಮೊಸರೇ ಉಸಿರಾದವನಿಗೆ ಅದೇ ದೊಡ್ಡ ಸರ್ಕಸ್. ಆದರೂ ಮೂರು ತಿಂಗಳಲ್ಲಿ ರಾತ್ರಿ ಕಾಲು ಒದರುವುದು ಕಡಿಮೆಯಾಗಿ, ನಾವೂ ನಿದ್ದೆ ಮಾಡಿದೆವು.

ಇದರ ನಡುವೆ ಒಂದು ತಪ್ಪೂ ಮಾಡಿದೆ. ಅಪ್ಪ-ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಬಿ6 ಮತ್ತು ಮೆಗ್ನೀಸಿಯಂ ಜಾಸ್ತಿ ಪ್ರಮಾಣದಲ್ಲಿ ಕೊಟ್ಟರೆ ಮಾತು ಬರುತ್ತದೆ ಅಂದರು, ತರಿಸಿಬಿಟ್ಟೆ. ಇದು ಅಮೆರಿಕದ ಆಟಿಸಂ ಸಂಶೋಧಕ ಬರ್ನಾರ್ಡ್ ರಿಮ್ಲ್ಯಾಂಡ್ ಕಾಲದಿಂದ ಓಡಾಡುತ್ತಿರುವ ಮಾತು. ಇದ್ದ ಪ್ರಯೋಗಗಳನ್ನೆಲ್ಲ 2005ರಲ್ಲಿ ಕಾಕ್ರೇನ್ ಅನ್ನೋ, ವೈದ್ಯಕೀಯ ಅಧ್ಯಯನಗಳನ್ನು ಅಳೆದು ನೋಡುವ ಸಂಸ್ಥೆ ಒಟ್ಟಿಗೆ ನೋಡಿತ್ತು. ತೀರಾ ಚಿಕ್ಕವು, ಕೊಡಿ ಅನ್ನುವಷ್ಟು ಆಧಾರ ಸಿಗಲಿಲ್ಲ. ಡಬ್ಬಿ ನೋಡಿ ಡಾಕ್ಟರು ಕೇಳಿದ್ದು ಒಂದೇ: "ಬಿ6 ಅತಿಯಾದರೆ ಕೈಕಾಲು ಜುಮ್ಮೆನ್ನುತ್ತದೆ, ನರಕ್ಕೆ ಪೆಟ್ಟು. ಜುಮ್ಮೆಂದರೆ ನಿಮ್ಮ ಮಗ ಹೇಗೆ ಹೇಳ್ತಾನೆ?" ಮನೆಗೆ ಬಂದು ಲೇಬಲ್ ತಿರುಗಿಸಿದೆ. ಇರುವೆ ಗಾತ್ರದ ಅಕ್ಷರದಲ್ಲಿ, ಇದು ಔಷಧಿಯಲ್ಲ ಅಂತ ಅವರೇ ಬರೆದಿದ್ದರು. ಡಬ್ಬಿ ಕಸಕ್ಕೆ ಹೋಯಿತು.

ಮಲ್ಟಿವಿಟಮಿನ್ ಪುಡಿ ಇನ್ನೂ ನಡೀತಿದೆ. ಕಳೆದ ವರ್ಷ ಕಂಪನಿಯವರು ಹೇಳದೆ ಕೇಳದೆ ಕಿತ್ತಳೆ ರುಚಿ ತೆಗೆದು ಮಾವು ಮಾಡಿದರು. ನಮಗೆ ಅದು ಸಣ್ಣ ವಿಷಯ, ಅವನಿಗಲ್ಲ. ಹನ್ನೊಂದು ದಿನ ಮೊಸರನ್ನೂ ಮುಟ್ಟಲಿಲ್ಲ. ಹಳೇ ಸ್ಟಾಕ್ ಹುಡುಕಿಕೊಂಡು ಬನಶಂಕರಿಯ ಅಂಗಡಿ ಅಂಗಡಿ ಅಲೆದೆ.

ಐದಕ್ಕೆ ಮೂರು ಸ್ಟಾರ್. ಒಂದು ಕಳೆದದ್ದು ಬೆಲೆಗೆ, ಇನ್ನೊಂದು ಆ ಮಾವಿಗೆ.